ಹಿತ್ತಿಲ ಇಳಿಜಾರು

ಒಂದೆಡೆ ನಿಲ್ಲದೆ ತಿರುಗುವವರನ್ನು ಕಾಲಿಗೆ ಚಕ್ರ ಕಟ್ಟಿಕೊಂಡವರೆಂದು ನಾವು ಹಾಸ್ಯ ಮಾಡುವುದುಂಟು. ನಿಜವಾಗಿಯೇ ಕಾಲಡಿಯಲ್ಲಿ ಚಕ್ರವಿಟ್ಟುಕೊಂಡು ಆಡುವ ಆಟವೊಂದಿದೆ. ಸ್ಕೇಟ್‌ಬೋರ್ಡಿಂಗ್ ಎಂದು ಅದರ ಹೆಸರು. ಎರಡೂವರೆ ಅಡಿ ಉದ್ದದ ಹಲಗೆ, ಅದರಡಿ ನಾಲ್ಕು ಗಾಲಿ. ಹಿಡಿದುಕೊಳ್ಳಲು ಆಸರೆಯಿಲ್ಲ, ನಿಲ್ಲಿಸಲು ಬ್ರೇಕಿಲ್ಲ.

ಈ ಆಟದ ತವರು ಅಮೆರಿಕದ ಕ್ಯಾಲಿಫೋರ್ನಿಯ. ಕಡಲ ಅಲೆಗಳ ಮೇಲೆ ಹಲಗೆಯಾಡುತ್ತಿದ್ದ ತರುಣರು ಅಲೆಯೇಳದ ದಿನಗಳಲ್ಲಿ ಬೀದಿಯನ್ನೇ ಕಡಲೆಂದು ಬಗೆದರು. 1976-77ರ ಬರಗಾಲದಲ್ಲಿ ಮನೆಮನೆಯ ಈಜುಕೊಳಗಳು ಬರಿದಾದಾಗ ಅವುಗಳ ಬಾಗಿದ ಗೋಡೆಗಳೇ ಆಟದ ಬಯಲಾದವು. ಹಣ ತೆತ್ತು ಆಡುವ ಕಾಂಕ್ರೀಟ್ ಅಂಗಳಗಳೂ ಎದ್ದವು. ಆದರೆ ವಿಮೆಯ ಹೊರೆ ತಾಳಲಾರದೆ 1980ರ ಸುಮಾರಿಗೆ ಹಲವು ಮುಚ್ಚಿಹೋದವು. ಆಗ ಆಟದ ಜೀವ ಉಳಿದದ್ದು ಬಹುಮಟ್ಟಿಗೆ ಹಿತ್ತಿಲುಗಳಲ್ಲಿ ಕಟ್ಟಿದ ಮರದ ಇಳಿಜಾರುಗಳಿಂದ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಈ ಆಟ ಮೊದಲ ಬಾರಿಗೆ ಸ್ಥಾನ ಪಡೆಯಿತು.

ಅಂಥದೊಂದು ಇಳಿಜಾರನ್ನು ಕಟ್ಟುವ ಯೋಗ ನನಗೂ ಒದಗಿತು. ಕ್ಯಾಲಿಫೋರ್ನಿಯದ ಮಗಳ ಮನೆಗೆ ಹೋಗಿದ್ದೆ. ಹನ್ನೊಂದು ವರ್ಷದ ಮೊಮ್ಮಗಳು ಕಾರುಗಳೋಡುವ ಬೀದಿಯಲ್ಲಿ ಹಲಗೆ ಓಡಿಸುತ್ತಿದ್ದಳು. ತಾಯಿಗೆ ಅದು ಸಹಿಸದು. ಮಗುವೋ ಆಟ ಬಿಡಲೊಲ್ಲದು. ಕೊನೆಗೆ ಅಳಿಯಂದಿರು, "ಬೀಳುವುದೇ ಆದರೆ ನಮ್ಮ ಕಣ್ಣೆದುರಿಗೇ ಬೀಳಲಿ, ಮಾವ" ಎಂದರು.

ಮೂರಡಿ ಎತ್ತರದ ಎರಡು ಬಾಗಿದ ಇಳಿಜಾರುಗಳು ಎದುರುಬದುರಾಗಿ. ನಡುವೆ ಎಂಟಡಿ ಸಮತಲ. ಗಣಿತ ಕಲಿಸಿ ನಿವೃತ್ತನಾದ ನನ್ನ ಪಾಲಿಗೆ ಬಂದದ್ದು ಬಾಗು ಬರೆಯುವ ಕೆಲಸ. ಆರಡಿ ದಾರದ ಒಂದು ತುದಿಗೆ ಮೊಳೆ, ಇನ್ನೊಂದಕ್ಕೆ ಪೆನ್ಸಿಲು. ಪ್ಲೈವುಡ್ಡಿನ ಮೇಲೆ ವೃತ್ತದ ತುಣುಕು ಮೂಡಿತು. ಮೂವತ್ತು ವರ್ಷ ಕರಿಹಲಗೆಯ ಮೇಲೆ ಬರೆದ ಕಂಸಗಳನ್ನೆಲ್ಲ ಗಂಟೆ ಬಾರಿಸಿದೊಡನೆ ಒರಸಿದ್ದೆ. ಇದರ ಮೇಲೆ ಮಗುವೊಂದು ನಿಲ್ಲಲಿತ್ತು. ಅಳಿಯಂದಿರು ಗರಗಸ ಹಿಡಿದರು. ಎಂಟಂಗುಲಕ್ಕೊಂದರಂತೆ ಅಡ್ಡಪಟ್ಟಿ ಜೋಡಿಸಿ, ತೆಳು ಪ್ಲೈವುಡ್ಡನ್ನು ಬಗ್ಗಿಸಿ ಎರಡು ಪದರ ಹೊದಿಸಿದೆವು. ಮೇಲಂಚಿಗೆ ಉಕ್ಕಿನ ಕೊಳವೆ ಕೂರಿಸಿದೆವು. ತಿರುಪುಮೊಳೆಯ ತಲೆ ಎಲ್ಲಿಯಾದರೂ ಎದ್ದಿದೆಯೇ ಎಂದು ಅಂಗೈಯಿಂದ ಸವರಿ ನೋಡಿದವಳು ನನ್ನ ಮಗಳು. ಬೇಡವೆಂದಿದ್ದವಳೇ ಒಂದೊಂದನ್ನೂ ಎರಡೆರಡು ಸಲ ಪರೀಕ್ಷಿಸಿದಳು.

ಈ ಬಾಗಿನಲ್ಲೊಂದು ದಯೆಯಿದೆ. ಸಮನೆಲಕ್ಕೆ ಬಿದ್ದವರನ್ನು ನೆಲ ಥಟ್ಟನೆ ತಡೆದು ನೋಯಿಸುತ್ತದೆ; ಇಳಿಜಾರು ಬಿದ್ದ ದೇಹದ ವೇಗವನ್ನು ತನ್ನ ಬಾಗಿನಗುಂಟ ತಿರುಗಿಸಿ ಜಾರಿಸಿಬಿಡುತ್ತದೆ. ಮೊಣಕಾಲಿಗೆ ಗಟ್ಟಿ ಕವಚ ತೊಟ್ಟು ಮಂಡಿಯೂರಿ ಜಾರುವುದನ್ನು ಆಟಗಾರರು ಮೊದಲೇ ಅಭ್ಯಾಸ ಮಾಡಿಕೊಳ್ಳುತ್ತಾರೆ. ಇನ್ನು ಮೇಲಿನಿಂದ ಇಳಿಯುವ ಬಗೆ: ಹಲಗೆಯ ಹಿಂತುದಿಯನ್ನು ಕೊಳವೆಯ ಮೇಲೊತ್ತಿ ನಿಂತು, ಮುಂಗಾಲಿಗೆ ಮೈಭಾರವನ್ನೆಲ್ಲ ಒಪ್ಪಿಸಿ ಮುಂದಕ್ಕೆ ಬಾಗಬೇಕು. ಹೆದರಿ ಹಿಂದಕ್ಕೆ ವಾಲಿದರೆ ಹಲಗೆ ಮುಂದೋಡುತ್ತದೆ, ಆಡುವವರು ಹಿಂದಕ್ಕೆ ಬೀಳುತ್ತಾರೆ.

ಎತ್ತರ ಮೂರೇ ಅಡಿ. ಮೇಲೆ ನಿಂತ ಮೊಮ್ಮಗಳಿಗೆ ಅದು ಪಾತಾಳ. "ಅಮ್ಮಾ, ಕೈ ಹಿಡ್ಕೋ" ಎಂದಳು. ಕೆಳಗಿನಿಂದ ತಾಯಿ ಎರಡೂ ಕೈ ನೀಡಿದಳು. ಹಾಗೆ ಹತ್ತಾರು ಸಲ ಇಳಿದ ಮೇಲೆ, "ಈಗ ಬಿಡು" ಎಂದಿತು ಮಗು. ತಾಯಿಗೆ ಬಿಡಲು ಹಿಡಿದ ಹೊತ್ತು ಮಗಳಿಗೆ ಇಳಿಯಲು ಹಿಡಿದ ಹೊತ್ತಿಗಿಂತ ಬಹಳ ಹೆಚ್ಚು.

ಮಕ್ಕಳು ಬೀಳದಿರಲೆಂದು ಹಾರೈಸುವುದು ಹಿರಿಯರ ಸ್ವಭಾವ. ಆ ಹಾರೈಕೆ ಫಲಿಸುವುದು ನಮ್ಮ ಕೈಯಲ್ಲಿಲ್ಲ. ಅವರು ಬೀಳುವ ನೆಲವನ್ನು ಹದಗೊಳಿಸುವುದು ಒಂದಿಷ್ಟು ನಮ್ಮ ಕೈಯಲ್ಲಿದೆ. ಬೆಂಗಳೂರಿನಲ್ಲಿಯೂ ಈಗ ಈ ಗಾಲಿಹಲಗೆಗಳು ಕಾಣಸಿಗುತ್ತವೆ. ಹಿತ್ತಿಲುಗಳು ಮಾತ್ರ ಅಪರೂಪ. ಬೀದಿಯಲ್ಲಿ ಹಲಗೆಯೋಡಿಸುವ ಮಗುವನ್ನು ಗದರುವ ಮುನ್ನ, ಆಡಲು ಅದಕ್ಕೆಲ್ಲಿ ಜಾಗ ಮಾಡಿಕೊಟ್ಟಿದ್ದೇವೆಂದು ನಾವು ಹಿರಿಯರು ಕೇಳಿಕೊಳ್ಳಬಹುದು.