ಕಾರಿನಲ್ಲಿ ಕೈಗೆಟುಕುವ ಕೆಂಪು ಸಿಲಿಂಡರ್

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ನಾನು 2004ರಲ್ಲಿ ಈ ಶಾಲೆಯಿಂದ ಎಸ್ಸೆಸ್ಸೆಲ್ಸಿ ಮುಗಿಸಿದವನು. ಆಮೇಲೆ ಬಿ.ಇ. ಓದಿ ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಸಮಿತಿಯವರು ಫೋನ್ ಮಾಡಿ, "ಕಂಪ್ಯೂಟರ್ ಬಗ್ಗೆ ಏನಾದರೂ ಮಾತಾಡು, ಮಕ್ಕಳಿಗೆ ಉಪಯೋಗ ಆಗ್ತದೆ" ಅಂದಿದ್ದರು. ಕಂಪ್ಯೂಟರ್ ಬಗ್ಗೆ ಇಂದಿನ ಮಕ್ಕಳಿಗೇ ನನಗಿಂತ ಹೆಚ್ಚು ಗೊತ್ತು. ಹಾಗಾಗಿ ಸಮಿತಿಯವರ ಕ್ಷಮೆ ಕೇಳಿ ಬೇರೆಯದೇ ವಿಷಯ ಎತ್ತಿಕೊಳ್ಳುತ್ತೇನೆ.

ಬೆಳಿಗ್ಗೆ ಗೇಟಿನಿಂದ ಒಳಗೆ ಬರುವಾಗ ನೋಡಿದೆ, ಮೈದಾನದ ತುಂಬ ಕಾರುಗಳು. ನಾವು ಓದುವಾಗ ಊರಿಗೆಲ್ಲ ಸೇರಿ ಎರಡೋ ಮೂರೋ ಇದ್ದವು. ಇಂದು ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕುಗಳಿಂದ ಕಾರಿನಲ್ಲಿ ಬಂದವರಿದ್ದೀರಿ. ನಿಮ್ಮ ಕಾರಿನಲ್ಲಿ ಬೆಂಕಿ ನಂದಿಸುವ ಸಿಲಿಂಡರ್ ಇರುವವರು ದಯವಿಟ್ಟು ಕೈ ಎತ್ತಿ.

ಆರು ಕೈ. ಮೂರು ವರ್ಷದ ಹಿಂದೆ ಯಾರಾದರೂ ಹೀಗೆ ಕೇಳಿದ್ದರೆ ನಾನೂ ಕೈ ಎತ್ತುತ್ತಿದ್ದೆ. ನಾನು ಎತ್ತಬಾರದಿತ್ತು. ಅದು ಯಾಕೆ ಅಂತ ಹೇಳಲಿಕ್ಕೇ ಇವತ್ತು ನಿಂತಿದ್ದೇನೆ.

ಆಯಿಯ ಮೊಣಕಾಲು ತೋರಿಸಲು ಮಂಗಳೂರಿಗೆ ಹೊರಟಿದ್ದೆವು. ಕಾರು ಎರಡು ವಾರದಿಂದ ಮನೆಯಲ್ಲಿ, ದರಕು ತುಂಬಿದ ಕೊಟ್ಟಿಗೆಯ ಪಕ್ಕ ನಿಂತೇ ಇತ್ತು. ದೇವಿಮನೆ ಘಟ್ಟ ಅರ್ಧ ಇಳಿದಾಗ ಪ್ಲಾಸ್ಟಿಕ್ ಸುಟ್ಟ ವಾಸನೆ. ಮುಂದಿನ ತಿರುವಿನಲ್ಲಿ ಬಾನೆಟ್ಟಿನ ಸಂದಿಯಿಂದ ಹೊಗೆ. ಗಾಡಿ ನಿಲ್ಲಿಸಿದೆ. ಹಿಂದಿನ ಸೀಟಿನಲ್ಲಿದ್ದ ಆಯಿಗೆ ಕಾಲು ಮಡಚಲು ಬರುವುದಿಲ್ಲ, ಬೇಗ ಇಳಿಯಲು ಆಗುವುದಿಲ್ಲ. ನಾನು ಮಾಡಿದ್ದೇನು ಗೊತ್ತೇ? ಆಯಿಯನ್ನು ಅಲ್ಲೇ ಬಿಟ್ಟು ಡಿಕ್ಕಿಗೆ ಓಡಿದೆ. ಸಿಲಿಂಡರ್ ಇದೆಯಲ್ಲ ಎಂಬ ಧೈರ್ಯ!

ಸಿಲಿಂಡರ್ ಇತ್ತು. ಅದರ ಮೇಲೆ ಒಂದು ಚೀಲ ತೆಂಗಿನಕಾಯಿ, ಹಲಸಿನ ಹಪ್ಪಳದ ಡಬ್ಬ, ಎರಡು ಬ್ಯಾಗು ಇದ್ದವು. ಎಲ್ಲ ರಸ್ತೆಗೆ ಎಸೆದು ಹೊರತೆಗೆದು, ಪಿನ್ ಕಿತ್ತು ಒತ್ತಿದೆ. "ಫುಸ್" ಅಂತ ಒಂದು ಚಮಚೆಯಷ್ಟು ಪುಡಿ ಬಂತು, ಅಷ್ಟೆ. ಆಗ ನೋಡಿದೆ, ಮೀಟರಿನ ಮುಳ್ಳು ಕೆಂಪಿನಲ್ಲಿತ್ತು. ಕಡಿಮೆ ಬೆಲೆಗೆ ಸಿಕ್ಕಿತೆಂದು ನಾಲ್ಕು ವರ್ಷದ ಹಿಂದೆ ತಂದದ್ದು. ಐಎಸ್‌ಐ ಗುರುತು ಇರಲಿಲ್ಲ. ತಂದ ದಿನ ಡಿಕ್ಕಿಗೆ ಹಾಕಿದವನು ಮತ್ತೆ ಅದರ ಮುಖ ನೋಡಿರಲಿಲ್ಲ.

ಹಿಂದೆ ಬರುತ್ತಿದ್ದ ಲಾರಿಯೊಂದು ನಿಂತಿತು. ಹುಬ್ಬಳ್ಳಿ ಕಡೆಯ ಚಾಲಕ. ಸೀಟಿನ ಪಕ್ಕದಿಂದ ಸಿಲಿಂಡರ್ ಹಿಡಿದು ಇಳಿದವನೇ ಹೇಳಿದ ಮೊದಲ ಮಾತು, "ಅಮ್ಮಾರನ್ನ ಮೊದ್ಲ ದೂರ ಕರ್ಕೊಂಡ ಹೋಗ್ರಿ. ಬಾನೆಟ್ ಎತ್ತಬ್ಯಾಡ್ರಿ." ನಾನು ಆಯಿಯನ್ನು ಹೆಚ್ಚುಕಡಿಮೆ ಎತ್ತಿಕೊಂಡೇ ಆಚೆ ಒಯ್ದೆ. ಆತ ಬಾನೆಟ್ಟಿನ ಸಂದಿಯಿಂದಲೇ ಪುಡಿ ಹೊಡೆದ. ಹತ್ತು ಸೆಕೆಂಡಿನ ಕೆಲಸ. ಹೆಸರು ಕೇಳುವಷ್ಟರಲ್ಲಿ ಲಾರಿ ಹತ್ತಿ ಹೋಗಿಯೂ ಆಯಿತು. ಇಲಿ ವೈರು ಕಡಿದು ಶಾರ್ಟ್ ಆಗಿತ್ತು ಎಂದು ಆಮೇಲೆ ಮೆಕ್ಯಾನಿಕ್ ತೋರಿಸಿದರು.

ಕಂಪನಿಯಲ್ಲಿ ನನ್ನ ಕೆಲಸದ ಒಂದು ಭಾಗ ಬ್ಯಾಕಪ್ ನೋಡಿಕೊಳ್ಳುವುದು. ಬ್ಯಾಕಪ್ ಇದೆ ಎಂದರೆ ಸಾಲದು, ಅದನ್ನು ತೆರೆದು ನೋಡಿದಿರಾ ಎಂದು ಹೊಸಬರಿಗೆ ದಿನವೂ ಹೇಳುವವನು ನಾನು. ಮನೆಯವರನ್ನು ಕೂರಿಸಿಕೊಂಡು ಹೋಗುವ ಕಾರಿನ ವಿಷಯದಲ್ಲಿ ಆ ಪ್ರಶ್ನೆಯನ್ನು ನನಗೆ ನಾನೇ ಕೇಳಿಕೊಂಡಿರಲಿಲ್ಲ. ಅಂದಿನಿಂದ ಈ ವಿಷಯವನ್ನು ಕೂತು ಓದಿದೆ. ತಿಳಿದದ್ದನ್ನು ಕ್ರಮವಾಗಿ ಹೇಳುತ್ತೇನೆ.

ಒಂಬತ್ತನೆಯ ತರಗತಿಯಲ್ಲಿ ನಮ್ಮ ವಿಜ್ಞಾನದ ಮಾಸ್ತರರು ಗ್ಲಾಸಿನಲ್ಲಿ ಅಡಿಗೆ ಸೋಡಾ ಹಾಕಿ ಲಿಂಬೆರಸ ಹಿಂಡಿದ್ದರು. ನೊರೆ ಎದ್ದಿತು. ಗ್ಲಾಸನ್ನು ಮೇಣದ ಬತ್ತಿಯ ಮೇಲೆ ಬಗ್ಗಿಸಿದರೆ ಏನೂ ಸುರಿದಂತೆ ಕಾಣಲಿಲ್ಲ, ಬತ್ತಿ ಮಾತ್ರ ಆರಿತು. ಬೆಂಕಿಗೆ ಉರಿಯುವ ವಸ್ತು, ಗಾಳಿ, ಶಾಖ ಮೂರೂ ಬೇಕು, ಒಂದನ್ನು ಕಿತ್ತುಕೊಂಡರೆ ಬೆಂಕಿ ಸಾಯುತ್ತದೆ ಎಂದು ಅಂದೇ ಕಲಿಸಿದ್ದರು. ಅಂಗಡಿಯಲ್ಲಿ ಸಿಗುವ ಎಲ್ಲ ಸಿಲಿಂಡರುಗಳೂ ಈ ಪಾಠದ ಮುಂದುವರಿಕೆಯೇ. ಯಾವುದು ಕಾರಿಗೆ ಸರಿ ಎಂಬುದಷ್ಟೇ ಪ್ರಶ್ನೆ.

ನೀರಿನದು ಬೇಡ. ಪೆಟ್ರೋಲು, ಎಣ್ಣೆಯ ಬೆಂಕಿಯನ್ನು ನೀರು ಹರಡುತ್ತದೆ, ವೈರಿಗೂ ಒಳ್ಳೆಯದಲ್ಲ. ಕಾರ್ಬನ್ ಡೈ ಆಕ್ಸೈಡ್ ಸಿಲಿಂಡರ್ ಆಫೀಸಿನ ಯಂತ್ರಗಳಿಗೆ ಚೆನ್ನ. ಆದರೆ ಅದು ತುಂಬ ಭಾರ, ಬಯಲಿನ ಗಾಳಿಗೆ ಅನಿಲ ಹಾರಿಹೋಗುತ್ತದೆ, ಸೀಟಿನ ಸ್ಪಂಜಿನೊಳಗಿನ ಕೆಂಡ ಮತ್ತೆ ಹೊತ್ತಿಕೊಳ್ಳುತ್ತದೆ. 'ಕ್ಲೀನ್ ಏಜೆಂಟ್' ಎಂಬ ಅನಿಲದ ಸಿಲಿಂಡರ್ ಕಲೆ ಉಳಿಸುವುದಿಲ್ಲ, ಆದರೆ ಬೆಲೆ ಹೆಚ್ಚು, ಬಯಲಿನಲ್ಲಿ ಅದಕ್ಕೂ ಗಾಳಿಯದೇ ತೊಂದರೆ.

ನಮ್ಮಂಥವರ ಕಾರಿಗೆ ಸರಿಯಾದದ್ದು 'ಎಬಿಸಿ' ಒಣಪುಡಿಯ ಸಿಲಿಂಡರ್. ಎ ಎಂದರೆ ಬಟ್ಟೆ, ರಬ್ಬರು, ಸ್ಪಂಜು, ಕಟ್ಟಿಗೆಯಂಥ ಘನವಸ್ತುಗಳ ಬೆಂಕಿ. ಬಿ ಎಂದರೆ ಪೆಟ್ರೋಲು, ಡೀಸೆಲ್, ಆಯಿಲ್‌ಗಳ ಬೆಂಕಿ. ಸಿ ಎಂದರೆ ಕರೆಂಟು ಎಂದು ಅನೇಕರು ತಿಳಿದಿದ್ದಾರೆ. ಅಮೆರಿಕದ ಲೆಕ್ಕದಲ್ಲಿ ಹಾಗೆ, ನಮ್ಮ ದೇಶದ ಲೆಕ್ಕದಲ್ಲಿ ಸಿ ಎಂದರೆ ಅನಿಲ. ವಿದ್ಯುತ್ ಉಪಕರಣದ ಮೇಲೆ ಬಳಸಬಹುದೇ ಎಂಬುದನ್ನು ಲೇಬಲ್ಲಿನಲ್ಲಿ ಬೇರೆಯಾಗಿ ಓದಿಕೊಳ್ಳಬೇಕು.

ಈ ಪುಡಿಯ ಮುಖ್ಯ ವಸ್ತು ಮೊನೊ ಅಮೋನಿಯಂ ಫಾಸ್ಫೇಟ್. ತೋಟದವರಿಗೆ ಇದು ಹೊಸದಲ್ಲ. ಡ್ರಿಪ್ಪಿನಲ್ಲಿ ಬಿಡುವ 12:61:00 ಗೊಬ್ಬರ ಇದೇ. ಬಿಸಿಗೆ ಕರಗಿ ಉರಿಯುವ ವಸ್ತುವಿನ ಮೇಲೆ ಪೊರೆಯಂತೆ ಕೂತು ಗಾಳಿ ತಡೆಯುತ್ತದೆ. 'ಬಿಸಿ' ಎಂದಷ್ಟೇ ಬರೆದ ಸಿಲಿಂಡರಿನಲ್ಲಿ ಸಾಮಾನ್ಯವಾಗಿ ಸೋಡಾ ಜಾತಿಯ ಪುಡಿ ಇರುತ್ತದೆ. ಅದು ಎಣ್ಣೆಯ ಬೆಂಕಿಗೆ ಆದೀತು, ಸೀಟಿನ ಬೆಂಕಿಗೆ ಸಾಲದು. ಎಬಿಸಿ ಪುಡಿಗೂ ಒಂದು ದೋಷ ಉಂಟು. ತೇವ ತಾಗಿದರೆ ಲೋಹ ತಿನ್ನುತ್ತದೆ. ಬಳಸಿದ ಮೇಲೆ ಬೇಗ ಸ್ವಚ್ಛ ಮಾಡಿಸಬೇಕು.

ಅಳತೆ ಕನಿಷ್ಠ ಒಂದು ಕಿಲೋ. ಜಾಗವಿದ್ದರೆ ಎರಡು ಕಿಲೋ. ಕೈ ಬೆರಳಿನಷ್ಟು ದಪ್ಪದ ಸ್ಪ್ರೇ ಡಬ್ಬಗಳನ್ನು ನಂಬಿ ಕೂರಬೇಡಿ. ಒಂದು ಕಿಲೋದ್ದೇ ಎಂಟು ಹತ್ತು ಸೆಕೆಂಡಿನಲ್ಲಿ ಖಾಲಿ. ಕೊಳ್ಳುವಾಗ ಐಎಸ್ 15683 ಎಂಬ ಸಂಖ್ಯೆ, ಐಎಸ್‌ಐ ಗುರುತು, ಅದರ ಜೊತೆ 'ಸಿಎಂ/ಎಲ್' ಎಂದು ಶುರುವಾಗುವ ಪರವಾನಗಿ ಸಂಖ್ಯೆ ಇವೆಯೇ ನೋಡಿ. ಆ ಸಂಖ್ಯೆಯನ್ನು ಬಿಐಎಸ್ ಕೇರ್ ಎಂಬ ಆ್ಯಪಿನಲ್ಲಿ ಹಾಕಿದರೆ ಅಸಲಿಯೋ ನಕಲಿಯೋ ತಿಳಿಯುತ್ತದೆ. ಮನೆಯ ಮಕ್ಕಳಿಗೆ ಹೇಳಿ, ಒಂದು ನಿಮಿಷದಲ್ಲಿ ನೋಡಿಕೊಡುತ್ತಾರೆ. ಒತ್ತಡ ತೋರಿಸುವ ಮೀಟರ್ ಇರಲೇಬೇಕು, ಮುಳ್ಳು ಹಸಿರಿನಲ್ಲಿರಬೇಕು. ತಯಾರಾದ ತಿಂಗಳು ವರ್ಷವನ್ನೂ ನೋಡಿ.

ಇಷ್ಟು ಮಾಡಿದರೆ ಕೆಲಸ ಅರ್ಧ ಮುಗಿಯಿತು. ನಾನು ಸೋತದ್ದು ಉಳಿದ ಅರ್ಧದಲ್ಲಿ.

ಮೊದಲನೆಯದು ಜಾಗ. ಡಿಕ್ಕಿ ಅದರ ಜಾಗವಲ್ಲ. ಮುಂದಿನ ಸೀಟಿನಲ್ಲಿ ಕೂತವರ ಕೈಗೆ ಸಿಗಬೇಕು. ಚಾಲಕನ ಪಕ್ಕದ ಸೀಟಿನ ಮುಂಭಾಗದ ಕೆಳಗೆ ಲೋಹದ ಪಟ್ಟಿಯಿಂದ ಬಿಗಿಯಾಗಿ ಕೂರಿಸಿಕೊಳ್ಳುವುದು ಒಳ್ಳೆಯದು. ಸುಮ್ಮನೆ ಕೆಳಗಿಟ್ಟರೆ ಘಟ್ಟದ ಇಳಿಜಾರಿನಲ್ಲಿ ಉರುಳಿ ಬ್ರೇಕಿನ ಕೆಳಗೆ ಸಿಕ್ಕಿಕೊಂಡೀತು. ಅಪಘಾತವಾದರೆ ಅದೇ ಗುಂಡಿನಂತೆ ಹಾರೀತು. ಬಿಸಿಲು ಬೀಳುವ ಡ್ಯಾಶ್‌ಬೋರ್ಡೂ ಬೇಡ.

ಎರಡನೆಯದು ಆರೈಕೆ. ನಮ್ಮ ರಸ್ತೆಗಳ ಕುಲುಕಾಟಕ್ಕೆ ಪುಡಿ ತಳದಲ್ಲಿ ಗಟ್ಟಿಯಾಗಿ ಕೂರುತ್ತದೆ. ಮುಳ್ಳು ಹಸಿರಿನಲ್ಲಿದ್ದರೂ ಪುಡಿ ಬಾರದೇ ಇರಬಹುದು. ತಿಂಗಳಿಗೊಮ್ಮೆ ತೆಗೆದು, ಮುಳ್ಳು ನೋಡಿ, ತಲೆಕೆಳಗೆ ಮಾಡಿ ಅಲುಗಾಡಿಸಿ, ವಾಪಸು ಇಡಿ. ಮಳೆಗಾಲ ಮುಗಿದ ಮೇಲೆ ತುಕ್ಕು ಹಿಡಿದಿದೆಯೇ ನೋಡಿ. ವರ್ಷಕ್ಕೊಮ್ಮೆ ತಿಳಿದವರಿಂದ ಪರೀಕ್ಷೆ ಮಾಡಿಸಿ. ಒಂದು ಸಲ ಸ್ವಲ್ಪ ಒತ್ತಿದರೂ ಮತ್ತೆ ತುಂಬಿಸಲೇಬೇಕು, ಇಲ್ಲದಿದ್ದರೆ ಒತ್ತಡ ಸೋರಿ ಹೋಗುತ್ತದೆ.

ಬೆಂಕಿಯೇ ಹತ್ತದಂತೆ ನೋಡಿಕೊಳ್ಳುವುದು ಇನ್ನೂ ಒಳ್ಳೆಯದಲ್ಲವೇ? ಬಹಳ ದಿನ ನಿಂತ ಕಾರನ್ನು ಹೊರಡಿಸುವ ಮೊದಲು ಬಾನೆಟ್ ತೆಗೆದು ಇಲಿಯ ಗೂಡು, ಕಡಿದ ವೈರು ನೋಡಿ. ಬೇಸಿಗೆಯಲ್ಲಿ ಒಣಹುಲ್ಲು, ದರಕಿನ ಮೇಲೆ ಬಿಸಿ ಕಾರು ನಿಲ್ಲಿಸಬೇಡಿ. ಸೈಲೆನ್ಸರಿನ ಸಾಲಿನಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರ್ ಹುಲ್ಲು ಹೊತ್ತಿಸುವಷ್ಟು ಕಾಯುತ್ತದೆ. ಮಾರಿಕಾಂಬಾ ಜಾತ್ರೆಯ ವರ್ಷ ಒಣಗಿದ ಗದ್ದೆಗಳಲ್ಲಿ ಸಾಲಾಗಿ ಕಾರು ನಿಲ್ಲಿಸುವಾಗ ಇದು ನೆನಪಿರಲಿ.

ಇಷ್ಟಾಗಿಯೂ ಹೊಗೆ ಕಂಡರೆ? ಗಾಡಿ ಬದಿಗೆ ನಿಲ್ಲಿಸಿ, ಎಂಜಿನ್ ಬಂದ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆಯಿರಿ. ಮೊದಲು ಜನ ಇಳಿಯಬೇಕು. ಮುದುಕರು, ಮಕ್ಕಳು ಮೊದಲು. ಎಲ್ಲರೂ ಗಾಳಿ ಬರುವ ದಿಕ್ಕಿಗೆ, ಸಾಕಷ್ಟು ದೂರ ಹೋಗಲಿ. ಒಬ್ಬರು 112ಕ್ಕೆ ಫೋನ್ ಮಾಡಲಿ. ಘಟ್ಟವಾದರೆ ಚಕ್ರಕ್ಕೆ ಕಲ್ಲು ಕೊಡಿ. ಇಷ್ಟಾದ ಮೇಲೆ ಸಿಲಿಂಡರ್. ಬಾನೆಟ್ ಪೂರ್ತಿ ಎತ್ತಬಾರದು, ಎತ್ತಿದರೆ ಗಾಳಿ ನುಗ್ಗಿ ಬೆಂಕಿ ಮುಖಕ್ಕೇ ಹಾರುತ್ತದೆ. ಒಳಗಿನ ಲಿವರ್ ಎಳೆದಾಗ ಬಾನೆಟ್ ಒಂದು ಬೆರಳಷ್ಟು ಸಡಿಲಾಗುತ್ತದಲ್ಲ, ಆ ಸಂದಿ ಸಾಕು. ಪಿನ್ ಕಿತ್ತು, ಎರಡು ಮೀಟರ್ ದೂರದಿಂದ, ಗಾಳಿಗೆ ಬೆನ್ನು ಕೊಟ್ಟು, ಬೆಂಕಿಯ ಬುಡಕ್ಕೆ ಗುರಿಯಿಟ್ಟು ಒತ್ತಿ, ಆಚೀಚೆ ಗುಡಿಸಿದಂತೆ ಆಡಿಸಿ. ಜ್ವಾಲೆಯ ತುದಿಗೆ ಹೊಡೆದರೆ ಪುಡಿ ದಂಡ.

ಇನ್ನೊಂದು ಮಾತು. ಸಿಲಿಂಡರ್ ಇರುವುದು ಸಣ್ಣ ಬೆಂಕಿಗೆ. 2013ರ ಅಕ್ಟೋಬರ್ 30ರಂದು ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟ ಬಸ್ಸು ಪಾಲೆಂ ಬಳಿ ಹೊತ್ತಿ ಉರಿದು 45 ಜನ ತೀರಿಕೊಂಡರು. ಹದಿನೈದು ದಿನ ಕಳೆಯುವಷ್ಟರಲ್ಲಿ, ನವೆಂಬರ್ 14ರಂದು, ನಾವೆಲ್ಲ ಬೆಂಗಳೂರಿಗೆ ಹೋಗಿಬರುವ ಹೆದ್ದಾರಿಯಲ್ಲೇ, ಹಾವೇರಿ ಜಿಲ್ಲೆಯಲ್ಲಿ ಇನ್ನೊಂದು ಬಸ್ಸು ಉರಿದು 7 ಜನ ಹೋದರು. ಇಂಧನದ ಟ್ಯಾಂಕೇ ಒಡೆದು ಹೊತ್ತಿಕೊಂಡಾಗ ಕೈಸಿಲಿಂಡರಿನಿಂದ ಆಗುವುದೇನಿಲ್ಲ. ಅಲ್ಲಿ ಬೇಕಾದದ್ದು ಹೊರಗೆ ಹೋಗುವ ದಾರಿ. ಕಾರಿಗೂ ಇದೇ ಮಾತು. ಟ್ಯಾಂಕಿನ ಕಡೆ ಬೆಂಕಿ ಕಂಡರೆ, ಬೆಂಕಿ ಕಾರಿನೊಳಗೆ ಹಬ್ಬಿದ್ದರೆ, ಅಥವಾ ಒಂದು ಸಿಲಿಂಡರ್ ಖಾಲಿಯಾದರೂ ಆರದಿದ್ದರೆ ಬಿಟ್ಟು ದೂರ ಹೋಗಿ. ಕಾರಿಗೆ ವಿಮೆ ಇರುತ್ತದೆ.

ಪೋಲೆಂಡ್, ಬೆಲ್ಜಿಯಂನಂಥ ದೇಶಗಳಲ್ಲಿ ಸ್ವಂತ ಕಾರಿನಲ್ಲೂ ಸಿಲಿಂಡರ್ ಕಡ್ಡಾಯ. ಅಲ್ಲಿಗಿಂತ ನಮಗೆ ಅದರ ಅಗತ್ಯ ಹೆಚ್ಚು. ದೇವಿಮನೆ, ಅರಬೈಲು, ದೊಡ್ಡಮನೆ ಘಟ್ಟಗಳ ನಡುವೆ ಎಷ್ಟು ಕಡೆ ಫೋನಿಗೆ ನೆಟ್‌ವರ್ಕ್ ಸಿಗುತ್ತದೆ ಎಂಬುದು ನಿಮಗೇ ಗೊತ್ತು. ಫೋನ್ ತಾಗಿದರೂ ಅಗ್ನಿಶಾಮಕ ವಾಹನ ತಿರುವುಗಳನ್ನು ಹತ್ತಿ ಬರಬೇಕು. ಆ ಮೊದಲ ಎರಡು ನಿಮಿಷ ನಮ್ಮ ಕೈಯಲ್ಲೇ ಇರುತ್ತದೆ.

ಆಯಿ ಇಲ್ಲೇ ಮೂರನೆಯ ಸಾಲಿನಲ್ಲಿ ಕೂತಿದ್ದಾಳೆ. ಆ ದಿನದ ಬಗ್ಗೆ ಅವಳು ನನಗೆ ಒಂದೂ ಮಾತು ಬೈಯಲಿಲ್ಲ. ಆದರೆ ಈಗ ಕಾರು ಹತ್ತಿದ ಕೂಡಲೇ ಮುಂದಿನ ಸೀಟಿನ ಕೆಳಗೆ ಕೈ ಹಾಕಿ ಮುಟ್ಟಿ ನೋಡುತ್ತಾಳೆ. "ಇದ್ದು, ಹೊರಡು" ಎನ್ನುತ್ತಾಳೆ. ಅವಳು ಹಾಗೆ ಅಂದಾಗಲೆಲ್ಲ ಅವಳನ್ನು ಕಾರಿನಲ್ಲೇ ಬಿಟ್ಟು ಡಿಕ್ಕಿಗೆ ಓಡಿದ್ದು ನೆನಪಾಗುತ್ತದೆ.

ಕೊನೆಯದಾಗಿ ಒಂದು ಬಿನ್ನಹ. ನಮ್ಮ ಬ್ಯಾಚಿನವರು ಸೇರಿ, ಮತ್ತೆ ತುಂಬಿಸಲು ಕೊಡಬೇಕಾಗಿದ್ದ ನಾಲ್ಕು ಸಿಲಿಂಡರುಗಳನ್ನು ಖಾಲಿ ಮಾಡದೆ ಇಲ್ಲಿಗೆ ತಂದಿದ್ದೇವೆ. ಮಧ್ಯಾಹ್ನದ ಊಟದ ನಂತರ ಮೈದಾನದ ಆಚೆ ತುದಿಯಲ್ಲಿ, ತಗಡಿನ ಬಾನಿಯಲ್ಲಿ ಸಣ್ಣ ಬೆಂಕಿ ಮಾಡಿ ಆರಿಸುವ ಅಭ್ಯಾಸವಿದೆ. ಪಕ್ಕದಲ್ಲಿ ಮರಳು, ನೀರು ಇಟ್ಟಿದ್ದೇವೆ, ವಿಜ್ಞಾನದ ಮಾಸ್ತರರೂ ನಿಲ್ಲುತ್ತೇನೆ ಎಂದಿದ್ದಾರೆ. ಕಾರು ಓಡಿಸುವವರಿಗಿಂತ ಪಕ್ಕದಲ್ಲಿ ಕೂರುವವರು, ಮುಖ್ಯವಾಗಿ ಅಮ್ಮಂದಿರು, ಅಕ್ಕತಂಗಿಯರು ಮೊದಲು ಬನ್ನಿ. ಪಿನ್ ಎಷ್ಟು ಬಿಗಿ ಇರುತ್ತದೆ, ಒತ್ತಿದಾಗ ಎಷ್ಟು ಸದ್ದಾಗುತ್ತದೆ ಎಂದು ಒಮ್ಮೆ ಕೈಗೆ ತಿಳಿದರೆ ಅಂಥ ಹೊತ್ತಿನಲ್ಲಿ ಗಾಬರಿಯಾಗುವುದಿಲ್ಲ. ಹಾಗೆಯೇ, ಈಗ ಕೈ ಎತ್ತಿದ ಆರು ಜನ ನಿಮ್ಮ ಸಿಲಿಂಡರನ್ನೂ ತನ್ನಿ. ಮುಳ್ಳು ಎಲ್ಲಿದೆ ಎಂದು ಒಟ್ಟಿಗೆ ನೋಡೋಣ.