ಬರೆದವನು ಮತ್ತು ಹೆಸರು ಹೊತ್ತವನು



ಕಾವ್ಯಮೀಮಾಂಸೆಯ ಪಾಠ ಹೇಳಿ ನಿವೃತ್ತನಾದವನು ಅಮೆರಿಕದ ಪತ್ತೇದಾರಿ ಟೆಲಿವಿಷನ್ ಚಿತ್ರವೊಂದನ್ನು ಕುರಿತು ಮಾತನಾಡಹೊರಟಿರುವುದು ನಿಮ್ಮಲ್ಲಿ ಕೆಲವರಿಗೆ ವಿಚಿತ್ರವಾಗಿ ಕಂಡೀತು. ಹುಡುಗನಾಗಿದ್ದಾಗ ಪಠ್ಯಪುಸ್ತಕದ ಮರೆಯಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನಿಟ್ಟು ಓದಿದವನು ನಾನು. ಅರವತ್ತು ದಾಟಿದರೂ ಆ ಚಪಲ ಬಿಟ್ಟಿಲ್ಲವೆಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಮಾಲಿಕೆಯ ಹೆಸರು 'ಕೊಲಂಬೊ'. ನನಗೆ ಪ್ರಿಯವಾದ ಕಂತು 'ಮರ್ಡರ್ ಬೈ ದಿ ಬುಕ್'. 1971ರ ಸೆಪ್ಟೆಂಬರ್ 15ರಂದು ಪ್ರಸಾರವಾದ ಇದನ್ನು ಬರೆದವನು ಸ್ಟೀವನ್ ಬಾಚ್ಕೊ. ನಿರ್ದೇಶಿಸಿದವನು ಸ್ಟೀವನ್ ಸ್ಪೀಲ್‌ಬರ್ಗ್. ಆತನಿಗೆ ಆಗ ಇಪ್ಪತ್ತೈದು ತುಂಬಿರಲಿಲ್ಲ.

ಈ ಮಾಲಿಕೆಯಲ್ಲಿ ಕೊಲೆಗಾರ ಯಾರೆಂಬುದು ನಮಗೆ ಆರಂಭದಲ್ಲಿಯೇ ತಿಳಿದಿರುತ್ತದೆ. ಸುಕ್ಕುಗಟ್ಟಿದ ಮಳೆಯಂಗಿಯ ಆ ಪೊಲೀಸ್ ಅಧಿಕಾರಿ—ಪಾತ್ರಧಾರಿ ಪೀಟರ್ ಫಾಕ್—ಅವನನ್ನು ಹೇಗೆ ಹಿಡಿಯುತ್ತಾನೆಂಬುದಷ್ಟೇ ಕುತೂಹಲ. ದಾಸ್ತೊಯೆವ್‌ಸ್ಕಿಯ 'ಅಪರಾಧ ಮತ್ತು ಶಿಕ್ಷೆ'ಯಲ್ಲಿ ಬರುವ ಪೊರ್ಫಿರಿಯ ನೆರಳು ಈ ಪಾತ್ರದ ಮೇಲಿದೆ. ಇದನ್ನು ಸೃಷ್ಟಿಸಿದ ರಿಚರ್ಡ್ ಲೆವಿನ್‌ಸನ್ ಮತ್ತು ವಿಲಿಯಂ ಲಿಂಕ್ ಶಾಲಾದಿನಗಳಿಂದ ಜೊತೆಗೂಡಿ ಬರೆದ ಗೆಳೆಯರು. ಕಂತಿನ ವಸ್ತುವೂ ಜೊತೆಬರಹವೇ ಎಂಬುದು ಸ್ವಾರಸ್ಯ.

ಕೆನ್ ಫ್ರಾಂಕ್ಲಿನ್, ಜಿಮ್ ಫೆರಿಸ್ ಇಬ್ಬರ ಹೆಸರಿನಲ್ಲಿ ಪತ್ತೇದಾರಿ ಕಾದಂಬರಿಗಳು ಪ್ರಕಟವಾಗುತ್ತವೆ. ನಿಜವಾಗಿ ಬರೆಯುವವನು ಜಿಮ್ ಒಬ್ಬನೇ. ಕೆನ್‌ನದು ಸಂದರ್ಶನ, ಪ್ರಚಾರ, ನಗುಮುಖ. ಇನ್ನು ಒಬ್ಬನೇ ಬರೆಯುತ್ತೇನೆಂದು ಜಿಮ್ ಹೊರಟಾಗ ಕೆನ್ ಅವನನ್ನು ದೂರದ ತನ್ನ ಮನೆಗೆ ಕರೆದೊಯ್ಯುತ್ತಾನೆ. ಕಚೇರಿಯಲ್ಲಿಯೇ ಕೆಲಸವಿದೆಯೆಂದು ಹೆಂಡತಿಗೆ ಫೋನು ಮಾಡಿಸಿ, ಮಾತಿನ ನಡುವೆಯೇ ಗುಂಡು ಹಾರಿಸುತ್ತಾನೆ. ಗುಂಡಿನ ಸದ್ದು ಕಚೇರಿಯದೆಂದು ಆಕೆ ನಂಬುತ್ತಾಳೆ.

ಆರಂಭದ ದೃಶ್ಯವನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಕೆನ್‌ನ ಕಾರು ಬರುತ್ತಿದೆ. ಕಾರಿನ ಸದ್ದಿಲ್ಲ, ಬೀದಿಯ ಸದ್ದಿಲ್ಲ. ಕೇಳಿಸುವುದು ಜಿಮ್‌ನ ಟೈಪ್‌ರೈಟರಿನ ಸದ್ದೊಂದೇ. ಯಾರು ಬರೆಯುತ್ತಾರೆ, ಯಾರು ತಿರುಗಾಡುತ್ತಾರೆ ಎಂಬುದನ್ನು ಒಂದು ಮಾತೂ ಇಲ್ಲದೆ ಹೇಳಿಬಿಟ್ಟಿದ್ದಾರೆ. ಇದನ್ನೇ ಅಲ್ಲವೇ ನಾವು ಧ್ವನಿಯೆಂದು ವರ್ಷಗಟ್ಟಲೆ ಪಾಠ ಹೇಳಿದ್ದು!

ಸುಳಿವುಗಳೂ ಸಣ್ಣವು. ಗೆಳೆಯ ಅಪಾಯದಲ್ಲಿದ್ದಾನೆಂದು ತಿಳಿದವನು ವಿಮಾನ ಹಿಡಿಯದೆ ಕಾರಿನಲ್ಲಿ ಏಕೆ ಬಂದ? ಅವನ ಶವವನ್ನು ಕಂಡ ಮೇಲೂ ಅಂಚೆಯ ಲಕೋಟೆಗಳನ್ನು ಒಡೆದು ನೋಡಲು ಮನಸ್ಸು ಹೇಗೆ ಬಂತು? ದುಃಖದ ನಡಾವಳಿ ಬಲ್ಲವನು ಮಾತ್ರ ಕೇಳಬಲ್ಲ ಪ್ರಶ್ನೆಗಳು ಇವು.

ದೋಷವಿಲ್ಲದ ಕೃತಿಯಲ್ಲ. ಜಿಮ್‌ನ ಕಾಗದಗಳಲ್ಲಿ ಇದೇ ಕೊಲೆಯ ಉಪಾಯ ಬರೆದಿಟ್ಟದ್ದು ಸಿಗುತ್ತದೆ. ನ್ಯಾಯಾಲಯದಲ್ಲಿ ಅದು ಎಷ್ಟು ಹೊತ್ತು ನಿಂತೀತು? ಗುಟ್ಟು ತಿಳಿದ ಅಂಗಡಿಯಾಕೆ ಲಿಲಿಯ ಕೊಲೆಯನ್ನೂ ಚಿತ್ರ ಬೇಗ ಮರೆಯುತ್ತದೆ. ಹಣ ಕೇಳಿದಳೆಂಬುದು ನಿಜ, ಆದರೂ ಆ ಒಂಟಿ ಹೆಣ್ಣಿಗೆ ಇನ್ನಷ್ಟು ಕನಿಕರ ಸಲ್ಲಬೇಕಿತ್ತು. ಆದರೆ ಸಿಕ್ಕಿಬಿದ್ದ ಕೆನ್‌ನನ್ನು ನೋಡಿ. ಆ ಉಪಾಯ ಹೊಳೆದದ್ದು ತನಗೇ, ಜಿಮ್ ಅದನ್ನು ಬರೆದಿಟ್ಟುಕೊಂಡನಷ್ಟೆ ಎನ್ನುತ್ತಾನೆ. ಸೆರೆಮನೆಯ ಹೊಸ್ತಿಲಲ್ಲಿ ನಿಂತವನಿಗೆ ಬೇಕಾದದ್ದು ಕರ್ತೃತ್ವ! ಜ್ಯಾಕ್ ಕ್ಯಾಸಿಡಿಯ ಅಭಿನಯದಲ್ಲಿ ಆ ಗಳಿಗೆ ನಗೆಯನ್ನೂ ನೋವನ್ನೂ ಒಟ್ಟಿಗೆ ತರುತ್ತದೆ.

ನನಗೆ ಅದು ಬೇರೆ ಕಾರಣಕ್ಕೂ ತಾಗಿತು. ಅಧ್ಯಾಪಕನಾದ ಹೊಸತರಲ್ಲಿ ಗೆಳೆಯರೊಬ್ಬರೊಡನೆ ಹಳಗನ್ನಡ ಗದ್ಯದ ಸಂಕಲನವೊಂದನ್ನು ತಂದೆ. ರಾತ್ರಿಗಳನ್ನು ಕಳೆದು ಶಬ್ದಾರ್ಥಕೋಶ ಸಿದ್ಧಪಡಿಸಿದವರು ಅವರು. ಪ್ರಕಾಶಕರನ್ನು ಕಂಡು ಮಾತನಾಡಿದವನು, ಸಭೆಗಳಲ್ಲಿ ಹಾರ ಹಾಕಿಸಿಕೊಂಡವನು ನಾನು. ಮುಖಪುಟದಲ್ಲಿ ನನ್ನ ಹೆಸರೇ ಮೊದಲು. ಅವರು ಒಂದು ದಿನವೂ ಆ ಮಾತೆತ್ತಲಿಲ್ಲ; ಈಗ ಅವರಿಲ್ಲ.

ಕಂತು ಮುಗಿದ ರಾತ್ರಿ ಎದ್ದು ಆ ಪುಸ್ತಕವನ್ನು ಹುಡುಕಿ ತೆಗೆದೆ. ಮುನ್ನುಡಿಯಲ್ಲಿ ಅವರ ಬಗ್ಗೆ ಒಂದು ವಾಕ್ಯವಿದೆ: ಕರಡು ತಿದ್ದಲು ನೆರವಾದರೆಂದು. ಆ ವಾಕ್ಯ ಬರೆದವನು ನಾನೇ.