ಗೆದ್ದವರು ಕೇಳಿದ ಸೋತವರ ಅಳಲು

ಗ್ರೀಕರ ರುದ್ರನಾಟಕಗಳು ಎರಡೂವರೆ ಸಾವಿರ ವರ್ಷ ಹೇಗೆ ಬಾಳಿದವೆಂದು ನೀವು ಕೇಳಬಹುದು. ಒಂದನ್ನು ನೋಡೋಣ. ಕ್ರಿ. ಪೂ. 480ರಲ್ಲಿ ಪಾರಸಿಕರು ಅಥೆನ್ಸ್ ನಗರವನ್ನು ಸುಟ್ಟರು. ಅದೇ ವರ್ಷ ಗ್ರೀಕರು ಸಲಾಮಿಸ್ ಜಲಸಂಧಿಯಲ್ಲಿ ಅವರ ನೌಕಾಬಲವನ್ನು ಮುರಿದರು. ಎಂಟು ವರ್ಷಗಳ ಮೇಲೆ, 472ರಲ್ಲಿ, ಅಥೆನ್ಸಿನ ರಂಗದಲ್ಲಿ ಈಸ್ಕಿಲಸ್ ಕವಿ ತೋರಿಸಿದ್ದು ತನ್ನವರ ವಿಜಯೋತ್ಸವವನ್ನಲ್ಲ, ಶತ್ರುವಿನ ರಾಜಧಾನಿಯನ್ನು. ಅಲ್ಲಿ ರಾಜಮಾತೆ ಮಗನಿಗಾಗಿ ಕಾತರಿಸುತ್ತಾಳೆ; ದೂತನು ಮಡಿದವರ ಹೆಸರು ಹೇಳುತ್ತಾನೆ; ದೊರೆ ಕ್ಸರ್ಕ್ಸೀಸ್ ಹರಿದ ಉಡುಪಿನಲ್ಲಿ ಹಿಂದಿರುಗುತ್ತಾನೆ. ಮರಾಥಾನಿನಲ್ಲಿ ಪಾರಸಿಕರೊಡನೆ ತಾನೇ ಕಾದಿದ್ದ ಕವಿ ಈತ. ಆದರೂ ಹಗೆಯ ದುಃಖವನ್ನು ಹೀಯಾಳಿಸಲಿಲ್ಲ. ಸೊಕ್ಕಿನ ಫಲವನ್ನು ಗೆದ್ದವರ ಕಣ್ಣಮುಂದೆಯೇ ಇಟ್ಟ. ಅವರು ಮೊದಲ ಬಹುಮಾನವನ್ನೇ ಕೊಟ್ಟರು! ಬಿ. ಎಂ. ಶ್ರೀಕಂಠಯ್ಯನವರು 1935ರಲ್ಲಿ ‘ಪಾರಸಿಕರು’ ಎಂದು ಅದನ್ನು ಕನ್ನಡಕ್ಕೆ ತಂದರು. ಗೆದ್ದ ದಿನ ಸೋತವನ ತಾಯಿಯನ್ನು ನೆನೆಯುವುದು ಇಂದಿಗೂ ಕಷ್ಟವೇ. ಆದುದರಿಂದಲೇ ಈ ನಾಟಕಗಳು ಹಳತಾಗಿಲ್ಲ.